ಪಲ್ಸ್ ಆಕ್ಸಿಮೀಟರ್: ಅಪ್ಪನ ಬೆರಳು ಮತ್ತು ಅಮೆರಿಕದ ಕಪ್ಪು ಜನರ ಲೆಕ್ಕ

ಬೆರಳ ತುದಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ನೋಡುವ ಪಲ್ಸ್ ಆಕ್ಸಿಮೀಟರನ್ನು ನಾನು 2021ರ ಮೇ ತಿಂಗಳಲ್ಲಿ, ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ, 1,900 ರೂಪಾಯಿ ಕೊಟ್ಟು ಕೊಂಡೆ. ಆ ವಾರ ಊರಿನಲ್ಲಿ ಅದು ಸಿಕ್ಕಿದ್ದೇ ಪುಣ್ಯ ಎನ್ನುವ ಸ್ಥಿತಿ ಇತ್ತು. ಅಂಗಡಿಯವರು ಚೌಕಾಸಿಗೆ ಅವಕಾಶ ಕೊಡಲಿಲ್ಲ, ನಾನೂ ಮಾಡಲಿಲ್ಲ. ಅದೇ ಜುಲೈನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಈ ಸಾಧನದ ಮೇಲಿನ ವ್ಯಾಪಾರಿ ಲಾಭಕ್ಕೆ ಶೇ 70ರ ಮಿತಿ ಹಾಕಿತು, ಬೆಲೆಯೂ ಇಳಿಯಿತು. ಈಗ ಇಂಥದ್ದೇ ಸಾಧನ ಅದರ ಅರ್ಧಕ್ಕಿಂತ ಕಡಿಮೆ ಹಣಕ್ಕೆ ಸಿಗುತ್ತದೆ. ನಾಲ್ಕು ವರ್ಷಕ್ಕೂ ಮೇಲೆ ಬಳಸಿದ ನಂತರ ಇದರ ಬಗ್ಗೆ ಬರೆಯುತ್ತಿದ್ದೇನೆ. ಇಷ್ಟು ತಡವಾದದ್ದು ಏಕೆಂದರೆ, ನಮ್ಮ ಮನೆಯಲ್ಲಿ ಆದದ್ದು ಏನೆಂದು ತಿಳಿಯಲು ನಾನು ಅಮೆರಿಕದ ಕಪ್ಪು ಜನ ಆಸ್ಪತ್ರೆಗಳಲ್ಲಿ ಪಟ್ಟ ಪಾಡನ್ನು ಓದಬೇಕಾಯಿತು.

ಮೊದಲು ಇದರ ಗುಣಗಳನ್ನು ಹೇಳಿಬಿಡುತ್ತೇನೆ. ಸಾಧನ ಹಗುರವಾಗಿದೆ, ಎರಡು ಸಣ್ಣ ಬ್ಯಾಟರಿಗಳಿಂದ ನಡೆಯುತ್ತದೆ, ಇರುವುದು ಒಂದೇ ಗುಂಡಿ. ಬೆರಳಿಟ್ಟ ಹತ್ತು ಸೆಕೆಂಡಿನೊಳಗೆ ಆಮ್ಲಜನಕದ ಶೇಕಡಾ ಪ್ರಮಾಣವೂ ನಾಡಿಬಡಿತವೂ ಪರದೆಯ ಮೇಲೆ ಮೂಡುತ್ತವೆ, ಬದಿಯಲ್ಲಿ ನಾಡಿಯ ಜೊತೆ ಏರಿಳಿಯುವ ಒಂದು ಪಟ್ಟಿಯೂ ಇದೆ. ಗಚ್ಚಿನ ನೆಲದ ಮೇಲೆ ಎರಡು ಸಲ ಬಿದ್ದರೂ ಕೆಟ್ಟಿಲ್ಲ. ನಮ್ಮ ಬಿಸಿಲಿನಲ್ಲಿ ಅಂಗಳದಲ್ಲಿ ಹಿಡಿದರೆ ಅಂಕಿ ಕಾಣುವುದಿಲ್ಲವಾದ್ದರಿಂದ ನೆರಳಿಗೆ ಬರಬೇಕು, ಅದೇನೂ ದೊಡ್ಡ ಕೊರತೆಯಲ್ಲ. ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿದೆ, ಅಕ್ಷರಗಳು ಸಾಸಿವೆಯಷ್ಟು ಸಣ್ಣವು. ಶೇ 70ರಿಂದ 100ರ ನಡುವೆ ಅಳತೆ ಎರಡು ಅಂಕ ಆಚೀಚೆ ಆಗಬಹುದು ಎಂದು ಅದರಲ್ಲಿದೆ. ಉಗುರುಬಣ್ಣ ಇರಬಾರದು, ಬೆರಳು ತಣ್ಣಗಿರಬಾರದು, ಕೈ ಅಲುಗಬಾರದು ಎಂದೂ ಇದೆ. ಚರ್ಮದ ಬಣ್ಣದ ವಿಷಯವಾಗಿ ಒಂದು ಅಕ್ಷರವೂ ಇಲ್ಲ.

ನಮ್ಮ ಅಪ್ಪನಿಗೆ ಆಗ 64 ವರ್ಷ. ಹರೆಯದಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ, ಆಮೇಲೆ ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ದುಡಿದವರು. ಹುಟ್ಟಿನಿಂದಲೇ ಕಪ್ಪು ಮೈ, ಅದರ ಮೇಲೆ ನಲವತ್ತು ವರ್ಷದ ಬಿಸಿಲು. ಜ್ವರ ಬಂದ ಆರನೆಯ ದಿನ ರಾತ್ರಿ ಗೋಡೆಗೆ ಒರಗಿ ಕೂತು, "ಉಸುರು ಹಿಡಿದಂಗ ಆಗಕತ್ತೈತಿ ತಮ್ಮಾ" ಎಂದರು. ನಾನು ಬೆರಳಿಗೆ ಮೀಟರ್ ಹಾಕಿದೆ. 95 ಎಂದು ತೋರಿಸಿತು. ಇನ್ನೊಂದು ಬೆರಳಿಗೆ ಹಾಕಿದೆ, 96. ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದು ತಮ್ಮ ಮೀಟರಿನಲ್ಲಿ ನೋಡಿ, "95 ಐತ್ರಿ ಸರ್, ಹೆದರಬ್ಯಾಡ್ರಿ" ಎಂದು ಧೈರ್ಯ ಹೇಳಿದರು. ಆ ತಾಯಿ ದಿನಕ್ಕೆ ಎಷ್ಟೋ ಮನೆ ತಿರುಗಿ ದಣಿದಿದ್ದರು, ಅವರಿಗೆ ಕಲಿಸಿದ್ದನ್ನೇ ಅವರು ಹೇಳಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಹಾಸಿಗೆಗಾಗಿ ಒಂದು ಸಹಾಯವಾಣಿಗೆ ಕರೆ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ತೋರಿಸುತ್ತಿದೆ ಎಂದು. 95 ಎಂದೆ. 94ಕ್ಕಿಂತ ಕೆಳಗೆ ಬಂದರೆ ಮತ್ತೆ ಕರೆ ಮಾಡಿ ಎಂದು ಫೋನ್ ಇಟ್ಟರು.

ಅಪ್ಪನಿಗೆ ಮಾತು ಮುಗಿಸಲು ಉಸಿರು ಸಾಲದಂತಾದಾಗ, ಅಂಕಿಯ ಮಾತು ಕೇಳದೆ ಗಾಡಿ ಮಾಡಿಕೊಂಡು ದವಾಖಾನೆಗೆ ಹೋದೆವು. ಅಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಮೀಟರಿನ ಕಡೆ ನೋಡಲೇ ಇಲ್ಲ. ಅಪ್ಪನ ಕೆಳತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮಡಚಿ ಒಳಭಾಗ ನೋಡಿದರು, ನಾಲಿಗೆ ಚಾಚಲು ಹೇಳಿದರು, ಅಂಗೈ ತಿರುಗಿಸಿ ನೋಡಿದರು. ಕಪ್ಪು ಮೈಯಲ್ಲಿ ನೀಲಿ ಛಾಯೆ ಮುಖದ ಮೇಲೆ ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ ಎಂದರು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಅದರಲ್ಲಿನ ಆಮ್ಲಜನಕ ಅಳೆಯುವ ಎಬಿಜಿ ಪರೀಕ್ಷೆ ಮಾಡಿಸಿದರು. ಮೀಟರ್ 95 ತೋರಿಸುತ್ತಿದ್ದ ಹೊತ್ತಿಗೆ ರಕ್ತದಲ್ಲಿ ಇದ್ದದ್ದು 87. ಎಂಟು ದಿನ ಆಮ್ಲಜನಕದ ಮೇಲಿದ್ದು ಅಪ್ಪ ಮನೆಗೆ ಬಂದರು.

ಒಂದು ಮನೆಯ ಒಂದು ಘಟನೆಯಿಂದ ಸಾಧನವೇ ಕೆಟ್ಟದ್ದೆಂದು ತೀರ್ಮಾನಿಸುವುದು ಸರಿಯಲ್ಲ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಮಕ್ಕಳಿಗೆ ಹೇಳುವ ಮಾತನ್ನು ನನಗೂ ಹೇಳಿಕೊಳ್ಳಬೇಕು. ಅಪ್ಪನ ಬೆರಳುಗಳಲ್ಲಿ ಜಡ್ಡು ಕಟ್ಟಿದೆ, ಅಂದು ಕೈ ತಣ್ಣಗಿತ್ತು, ಎಂಟು ಅಂಕಗಳ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಆ ವೈದ್ಯೆ ಹೊರಡುವಾಗ ಹೇಳಿದ ಒಂದು ಮಾತು ನನ್ನನ್ನು ಬಿಡಲಿಲ್ಲ. ಈ ಮೀಟರುಗಳು ಕಪ್ಪು ಚರ್ಮದವರಲ್ಲಿ ಹೆಚ್ಚು ತೋರಿಸುತ್ತವೆ, ಅಮೆರಿಕದಲ್ಲಿ ಈಗಷ್ಟೇ ಅದರ ಬಗ್ಗೆ ಗಲಾಟೆ ನಡೆದಿದೆ ಎಂದಿದ್ದರು.

ಸಾಧನದ ಒಳಗೆ ನಡೆಯುವುದು ಸರಳವಾದ ಸಂಗತಿ. ಕತ್ತಲೆಯಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳು ಇಟ್ಟರೆ ಬೆರಳಿನ ಅಂಚು ಕೆಂಡದಂತೆ ಹೊಳೆಯುವುದನ್ನು ನೀವು ನೋಡಿರಬಹುದು. ಬೆಳಕು ಮಾಂಸದ ಮೂಲಕ ಹಾದು ಬರುತ್ತದೆ. ಮೀಟರಿನ ಮೇಲಿನ ತುಟಿಯಿಂದ ಎರಡು ಬಗೆಯ ಬೆಳಕು ಹೊರಡುತ್ತದೆ: 660 ನ್ಯಾನೋಮೀಟರಿನ ಕೆಂಪು, 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್). ಆಮ್ಲಜನಕ ತುಂಬಿದ ರಕ್ತ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಇಲ್ಲದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿ ಬಡಿದಂತೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಚರ್ಮ, ಮೂಳೆ, ಉಗುರು ಇವೆಲ್ಲ ಕಳೆದುಹೋಗಿ ಅಪಧಮನಿಯ ರಕ್ತವೊಂದೇ ಉಳಿಯುತ್ತದೆ ಎಂಬುದು ಇದರ ಹಿಂದಿನ ಜಾಣ್ಮೆ. 1974ರಲ್ಲಿ ಜಪಾನಿನ ತಕುವೋ ಅಯೋಯಾಗಿ ಎಂಬ ಎಂಜಿನಿಯರ್ ಇದನ್ನು ಕಂಡುಹಿಡಿದರು. ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ಈ ಸಾಧನ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ, ಅದನ್ನು ಮರೆತು ನಾನು ಬರೆಯುತ್ತಿಲ್ಲ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಎರಡು ಬೆಳಕುಗಳ ಅನುಪಾತ ಗೊತ್ತಾದರೆ ಅದು ಶೇ 95 ಎಂದೋ 88 ಎಂದೋ ಯಂತ್ರಕ್ಕೆ ಯಾರು ಹೇಳಬೇಕು? ಅದಕ್ಕೆ ಒಂದು ಕೋಷ್ಟಕ ಬೇಕು. ಆರೋಗ್ಯವಂತ ಸ್ವಯಂಸೇವಕರನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ, ಅಪಧಮನಿಯ ರಕ್ತ ತೆಗೆದು ತಾಳೆ ನೋಡಿ ಆ ಕೋಷ್ಟಕವನ್ನು ಕಟ್ಟುತ್ತಾರೆ. ಮಾರುಕಟ್ಟೆಯ ಪ್ರತಿ ಮೀಟರಿನ ಹೊಟ್ಟೆಯಲ್ಲೂ ಅಂಥದ್ದೊಂದು ಕೋಷ್ಟಕ ಇದೆ. ಆ ಹಾಸಿಗೆಯ ಮೇಲೆ ಮಲಗಿದವರು ಬಹುಪಾಲು ತಿಳಿಚರ್ಮದವರಾಗಿದ್ದರೆ, ಯಂತ್ರ ಕಲಿತದ್ದು ಅವರ ಬೆರಳನ್ನು ಮಾತ್ರ. ಮೆಲನಿನ್ ಎಂಬ ವರ್ಣದ್ರವ್ಯ ಅವಕೆಂಪಿಗಿಂತ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಚರ್ಮ ಲೆಕ್ಕದಿಂದ ಪೂರ್ತಿ ಕಳೆದುಹೋಗುತ್ತದೆಂಬ ನಂಬಿಕೆ ಕಾಗದದ ಮೇಲೆ ಸರಿ, ಬೆರಳಿನ ಮೇಲೆ ಪೂರ್ತಿ ಸರಿಯಲ್ಲ.

ಇದು ಹೊಸ ಪತ್ತೆಯಲ್ಲ ಎಂಬುದೇ ನನ್ನನ್ನು ಹೆಚ್ಚು ಕಲಕಿದ ವಿಷಯ. 1990ರಲ್ಲೇ ಅಮೆರಿಕದ ಇಬ್ಬರು ವೈದ್ಯರು, ಜುಬ್ರಾನ್ ಮತ್ತು ಟೋಬಿನ್, ವೆಂಟಿಲೇಟರಿನ ಮೇಲಿದ್ದ ರೋಗಿಗಳಲ್ಲಿ ಮೀಟರಿನ ಅಂಕಿಯನ್ನೂ ರಕ್ತದ ಅಂಕಿಯನ್ನೂ ಹೋಲಿಸಿ, ಬಿಳಿಯ ರೋಗಿಗಳಲ್ಲಿ 92 ಎಂಬ ಗುರಿ ಸಾಕು, ಕಪ್ಪು ರೋಗಿಗಳಲ್ಲಿ 95 ಇರಬೇಕು ಎಂದು ಬರೆದಿದ್ದರು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯವೊಂದು ಕಪ್ಪು ಚರ್ಮದಲ್ಲಿ ಆಮ್ಲಜನಕ ಇಳಿದಂತೆಲ್ಲ ತಪ್ಪು ದೊಡ್ಡದಾಗುತ್ತದೆಂದು ತೋರಿಸಿತ್ತು. ಅದಕ್ಕೂ ಹಿಂದೆ, 1970ರ ದಶಕದಲ್ಲಿ, ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಕಿವಿಗೆ ಹಾಕುವ ಒಂದು ಆಕ್ಸಿಮೀಟರ್ ಮಾಡಿತ್ತು; ಅದು ಎರಡಲ್ಲ, ಎಂಟು ಬಗೆಯ ಬೆಳಕನ್ನು ಬಳಸುತ್ತಿತ್ತು, ಚರ್ಮದ ಬಣ್ಣ ಅಳತೆಯನ್ನು ಕೆಡಿಸಬಾರದು ಎಂಬ ಎಚ್ಚರ ಅದರ ರಚನೆಯಲ್ಲೇ ಇತ್ತು. ಯಂತ್ರ ಭಾರವಾಗಿತ್ತು, ದುಬಾರಿಯಾಗಿತ್ತು. ಅಗ್ಗದ, ಹಗುರದ ಎರಡು ಬೆಳಕಿನ ಮೀಟರ್ ಬಂದ ಮೇಲೆ ಅದು ಮೂಲೆ ಸೇರಿತು, ಜೊತೆಗೆ ಆ ಎಚ್ಚರವೂ ಮೂಲೆ ಸೇರಿತು. ಆಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ, ಒಮ್ಮೆ ಮಾಡಿಯೇ ಇದ್ದರು.

2020ರಲ್ಲಿ ಕೋವಿಡ್ ಬಂದಾಗ ಮಿಷಿಗನ್ ರಾಜ್ಯದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ 14ರಷ್ಟಿದ್ದರು, ಮೊದಲ ಅಲೆಯ ಸಾವುಗಳಲ್ಲಿ ಸುಮಾರು ಶೇ 40ರಷ್ಟು ಅವರದೇ ಆಗಿದ್ದವು. ಅದೇ ರಾಜ್ಯದ ಡೆಟ್ರಾಯಿಟ್ ನಗರದ ನೂರರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ಕಪ್ಪು ಜನ. ಬಸ್ ಓಡಿಸುವವರು, ವೃದ್ಧಾಶ್ರಮದಲ್ಲಿ ಮೈ ತೊಳೆಯುವವರು, ಗೋದಾಮಿನಲ್ಲಿ ಪೆಟ್ಟಿಗೆ ಹೊರುವವರು ಮನೆಯಲ್ಲಿ ಕೂತು ಕೆಲಸ ಮಾಡಲು ಆಗುವುದಿಲ್ಲವಷ್ಟೆ. ಆ ನಗರದಲ್ಲಿ 1941ರಲ್ಲಿ ಕಟ್ಟಿದ, ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಒಂದು ಗೋಡೆ ಇಂದಿಗೂ ನಿಂತಿದೆ. ಪಕ್ಕದಲ್ಲಿ ಕಪ್ಪು ಜನರ ವಸತಿ ಇದ್ದ ಕಾರಣ ಬಿಳಿಯರ ಹೊಸ ಬಡಾವಣೆಗೆ ಸರ್ಕಾರಿ ಖಾತರಿಯ ಸಾಲ ಸಿಗಲಿಲ್ಲವೆಂದು, ಅದು ಸಿಗಲಿ ಎಂದು, ಇಬ್ಬರ ನಡುವೆ ಆ ಗೋಡೆ ಎಬ್ಬಿಸಿದರು. ನಮ್ಮಲ್ಲಿ ಊರಿಗೂ ಕೇರಿಗೂ ನಡುವೆ ಗೋಡೆ ಕಟ್ಟದೆಯೇ ಗೆರೆ ಗೊತ್ತಿರುತ್ತದೆ. ಅಲ್ಲಿ ಸಿಮೆಂಟಿನಲ್ಲೇ ಕಟ್ಟಿದರು ಎಂದು ಓದುವಾಗ ಅನಿಸಿತು. ಯಾರಿಗೆ ಎಲ್ಲಿ ಮನೆ, ಯಾವ ಕೆಲಸ, ಎಂಥ ಗಾಳಿ ಎಂಬುದು ಹೀಗೆ ಮೊದಲೇ ನಿಶ್ಚಯವಾದ ಮೇಲೆ, ರೋಗ ಬಂದಾಗ ಯಾರ ಮನೆಗೆ ಮೊದಲು ನುಗ್ಗುತ್ತದೆ ಎಂಬುದೂ ನಿಶ್ಚಯವಾಗಿರುತ್ತದೆ.

ಡೆಟ್ರಾಯಿಟ್ಟಿನಿಂದ ಪಕ್ಕದ ಆನ್ ಆರ್ಬರಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ರೋಗಿಗಳು ಬರತೊಡಗಿದಾಗ ಅಲ್ಲಿನ ವೈದ್ಯರಿಗೆ ಮೀಟರೂ ರಕ್ತಪರೀಕ್ಷೆಯೂ ತಾಳೆಯಾಗದಿರುವುದು ಕಣ್ಣಿಗೆ ಬಿತ್ತು. ಅದೇ ಆಗಸ್ಟಿನಲ್ಲಿ ಆಮಿ ಮೊರಾನ್ ಥಾಮಸ್ ಎಂಬ ಮಾನವಶಾಸ್ತ್ರಜ್ಞೆ, ಕಾಯಿಲೆ ಬಿದ್ದ ಗಂಡನಿಗಾಗಿ ಮನೆಗೆ ಒಂದು ಮೀಟರ್ ತಂದು, ಅದರ ಬೆಳಕು ಎಲ್ಲರ ಬೆರಳನ್ನೂ ಒಂದೇ ರೀತಿ ಓದುತ್ತದೆಯೇ ಎಂದು ಹುಡುಕುತ್ತಾ ಹೋಗಿ, ಹಳೆಯ ಅಧ್ಯಯನಗಳನ್ನೆಲ್ಲ ಹೊರತೆಗೆದು ಬರೆದಿದ್ದರು. ಮಿಷಿಗನ್ನಿನ ಮೈಕೆಲ್ ಶೋಡಿಂಗ್ ಮತ್ತು ಅವರ ಸಂಗಡಿಗರು ತಮ್ಮಲ್ಲಿದ್ದ ದಾಖಲೆಗಳನ್ನು ತೆರೆದರು. ಹತ್ತು ಸಾವಿರಕ್ಕೂ ಹೆಚ್ಚು ಜೋಡಿ ಅಳತೆಗಳು ಅಲ್ಲಿದ್ದವು. ಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗ ಬಿಳಿಯ ರೋಗಿಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. 2020ರ ಡಿಸೆಂಬರ್ 17ರಂದು ಇದು ಪ್ರಕಟವಾಯಿತು. ನಮ್ಮ ಅಪ್ಪನಿಗೆ ಜ್ವರ ಬರುವ ಐದು ತಿಂಗಳ ಮೊದಲು. ಆ ಎರಡು ಅಂಕಿಗಳನ್ನು ಓದಿದ ದಿನ 95 ಮತ್ತು 87 ಎಂದು ಬರೆದಿದ್ದ ಅಪ್ಪನ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ನೋಡಿದೆ.

ಆ ಪ್ರಕಟಣೆಯ ಮೂರು ದಿನಗಳ ನಂತರ, ಡಿಸೆಂಬರ್ 20ರಂದು, ಇಂಡಿಯಾನಾ ರಾಜ್ಯದಲ್ಲಿ ಡಾ. ಸೂಸನ್ ಮೂರ್ ಎಂಬ ಕಪ್ಪು ವೈದ್ಯೆ ಕೋವಿಡ್‌ನಿಂದ ತೀರಿಕೊಂಡರು. ಅವರಿಗೆ 52 ವರ್ಷ. ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ಒಂದು ವಿಡಿಯೊ ಮಾಡಿದ್ದರು. ತಮಗೆ ಉಸಿರಾಟದ ತೊಂದರೆಯಿದೆ, ನೋವಿದೆ ಎಂದರೂ ಬಿಳಿಯ ವೈದ್ಯರು ನಂಬುತ್ತಿಲ್ಲ, ಮನೆಗೆ ಕಳಿಸಲು ನೋಡುತ್ತಿದ್ದಾರೆ, ತಾವು ಬಿಳಿಯಳಾಗಿದ್ದರೆ ಇದನ್ನು ಅನುಭವಿಸಬೇಕಾಗಿರಲಿಲ್ಲ ಎಂದು ಅದರಲ್ಲಿ ಹೇಳಿದ್ದರು. ಆಕೆ ತಾವೇ ವೈದ್ಯೆ, ತಮಗೆ ಯಾವ ಔಷಧ ಬೇಕು ಎಂದು ತಿಳಿದವರು, ಅದನ್ನು ವೈದ್ಯಕೀಯ ಭಾಷೆಯಲ್ಲೇ ಕೇಳಬಲ್ಲವರು. ಅಂಥವರ ಮಾತೇ ನಡೆಯದಿದ್ದ ಮೇಲೆ, ಬಸ್ ಓಡಿಸುವವನೊಬ್ಬ ಎದೆ ಹಿಡಿದುಕೊಂಡು ಬಂದರೆ ಏನಾದೀತು? ನನ್ನ ಮಟ್ಟಿಗೆ ಈ ವಿಮರ್ಶೆಯ ತಿರುಳು ಇಲ್ಲೇ ಇದೆ. ಮೀಟರ್ ತಪ್ಪು ತೋರಿಸುವುದು ಅರ್ಧ ಅಪಾಯ. ರೋಗಿಯ ಬಾಯಿಮಾತನ್ನು ನಂಬದ ಕಡೆ ಮೀಟರ್ ತಪ್ಪು ತೋರಿಸಿದರೆ ಅದು ಪೂರ್ತಿ ಅಪಾಯ, ಯಾಕೆಂದರೆ ಅಲ್ಲಿ ಅಂಕಿಯೊಂದೇ ಸಾಕ್ಷಿ, ಆ ಸಾಕ್ಷಿಯೂ ರೋಗಿಯ ವಿರುದ್ಧವೇ ನುಡಿಯುತ್ತದೆ.

ನಂಬದಿರುವುದಕ್ಕೆ ಅಲ್ಲಿ ದೀರ್ಘ ಚರಿತ್ರೆ ಇದೆ. ಕಪ್ಪು ಜನರ ದೇಹ ಬೇರೆಯೇ ಬಗೆಯದು ಎಂಬ ಮಾತನ್ನು ಗುಲಾಮಗಿರಿಯ ಕಾಲದ ವೈದ್ಯರು ಶಾಸ್ತ್ರದಂತೆ ಬರೆದಿಟ್ಟರು. ಲೂಯಿಸಿಯಾನದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ 1850ರ ದಶಕದಲ್ಲಿ ಉಸಿರಳೆಯುವ ಸ್ಪೈರೋಮೀಟರ್ ಹಿಡಿದು, ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಬಿಳಿಯರಿಗಿಂತ ಶೇ 20ರಷ್ಟು ಕಡಿಮೆ ಎಂದು ಘೋಷಿಸಿ, ಹೊಲದ ದುಡಿಮೆಯೇ ಅವರ ಆರೋಗ್ಯಕ್ಕೆ ಒಳ್ಳೆಯದೆಂದು ವಾದಿಸಿದ. ಒಡೆಯನಿಂದ ಓಡಿಹೋಗುವ ಆಸೆಗೂ ಅವನು ಒಂದು ಕಾಯಿಲೆಯ ಹೆಸರು ಇಟ್ಟಿದ್ದ. ಆ ಕಡಿತ ಬೇರೆ ರೂಪದಲ್ಲಿ ಸ್ಪೈರೋಮೀಟರ್ ಯಂತ್ರಗಳೊಳಗೇ ಉಳಿದು ಬಂತು. ಕಪ್ಪು ಕಾರ್ಮಿಕನ ಶ್ವಾಸಕೋಶ ಹಾಳಾಗಿದ್ದರೂ ಅವನಿಗೆ ಇಷ್ಟೇ ಸಹಜ ಎಂದು ಯಂತ್ರ ಹೇಳುತ್ತಿತ್ತು. ಅಲ್ಲಿನ ಶ್ವಾಸಕೋಶ ತಜ್ಞರ ಸಂಘ ಇದನ್ನು ಕೈಬಿಡಲು ಹೇಳಿದ್ದು 2023ರಲ್ಲಿ. ಮೂತ್ರಪಿಂಡದ ಲೆಕ್ಕಕ್ಕೂ ಇದೇ ಗತಿ. ಕಪ್ಪು ಜನರಲ್ಲಿ ಮಾಂಸಖಂಡ ಹೆಚ್ಚು ಎಂಬ ಊಹೆಯ ಮೇಲೆ ಅವರ ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಅಂಕಿಯನ್ನು ಶೇ 16ರಿಂದ 21ರಷ್ಟು ಹೆಚ್ಚಿಸಿ ಬರೆಯುವ ಸೂತ್ರಗಳು 2021ರವರೆಗೂ ಒಪ್ಪಿತವಾಗಿದ್ದವು. ಅಂಕಿ ಚೆನ್ನಾಗಿ ಕಂಡದ್ದರಿಂದ ಕಸಿಗಾಗಿ ಕಾಯುವ ಪಟ್ಟಿಗೆ ಅವರ ಹೆಸರು ತಡವಾಗಿ ಸೇರುತ್ತಿತ್ತು. ಸೂತ್ರ ತೆಗೆದು ಮರುಲೆಕ್ಕ ಹಾಕಿದಾಗ 14,000ಕ್ಕೂ ಹೆಚ್ಚು ಕಪ್ಪು ರೋಗಿಗಳ ಕಾಯುವ ಅವಧಿಯನ್ನು ತಿದ್ದಬೇಕಾಯಿತು. ಇವರೆಲ್ಲ ಯಾರದೋ ಅಪ್ಪ, ಅಕ್ಕ, ಮಗ.

ಇವನ್ನು ಆಕ್ಸಿಮೀಟರಿನ ಪಕ್ಕ ಇಟ್ಟು ನೋಡಿ. ಶ್ವಾಸಕೋಶದಲ್ಲಿ, ಮೂತ್ರಪಿಂಡದಲ್ಲಿ ಜನಾಂಗದ ಹೆಸರಿನಲ್ಲಿ ವ್ಯತ್ಯಾಸ ಹುಡುಕಬೇಕಾಗಿರಲಿಲ್ಲ, ಅಲ್ಲಿ ಹುಡುಕಿ ಸೂತ್ರ ಬರೆದರು. ಬೆಳಕು ಹಾಯುವ ಚರ್ಮದಲ್ಲಿ ಬಣ್ಣವನ್ನು ನೋಡಲೇಬೇಕಾಗಿತ್ತು, ಅಲ್ಲಿ ನೋಡಲಿಲ್ಲ. ಎರಡು ಸಲವೂ ನಷ್ಟ ಒಬ್ಬರದೇ ಆಯಿತು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕೂತಿತ್ತು ಎಂಬುದನ್ನು ಹಲವರು ಬಲ್ಲರು. ಅದು ಹಳೆಯ ಮಾತು ಎನ್ನುವವರಿಗೆ 2016ರದು ಒಂದಿದೆ: ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಭಾಗವಹಿಸಿದ 222 ಬಿಳಿಯ ವೈದ್ಯವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪು ಜನರ ಚರ್ಮ ಹೆಚ್ಚು ದಪ್ಪ ಎಂಬಂಥ ಒಂದಾದರೂ ಸುಳ್ಳು ನಂಬಿಕೆಯನ್ನು ನಿಜವೆಂದು ಒಪ್ಪಿದರು. ಅಂಥವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದೇ ಅಳೆದರು.

ಅಲ್ಲಿನ ಎಫ್‌ಡಿಎ ಎಂಬ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿಯ ಪ್ರಕಾರ ಒಂದು ಮೀಟರಿನ ಪರೀಕ್ಷೆಗೆ ಹತ್ತು ಜನ ಸಾಕು, ಅವರಲ್ಲಿ ಕಪ್ಪು ಚರ್ಮದವರು ಇಬ್ಬರು, ಇಲ್ಲವೇ ಒಟ್ಟು ಮಂದಿಯಲ್ಲಿ ಶೇ 15ರಷ್ಟು, ಯಾವುದು ಹೆಚ್ಚೋ ಅಷ್ಟು ಇದ್ದರೆ ಸಾಕು. ಹತ್ತರಲ್ಲಿ ಇಬ್ಬರು. ಅದೂ ಆಸ್ಪತ್ರೆಗೆ ಹೋಗುವ ಯಂತ್ರಗಳಿಗೆ. ಅಂಗಡಿಯಲ್ಲಿ ನೇರವಾಗಿ ಕೊಳ್ಳುವ, ನಮ್ಮ ಮನೆಗಳಲ್ಲಿರುವಂಥ ಮೀಟರುಗಳಿಗೆ ಅಷ್ಟೂ ಕಟ್ಟುಪಾಡು ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಆ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2023ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಒಂದು ಸಮುದಾಯ ಆರೋಗ್ಯ ಕೇಂದ್ರವು ತಯಾರಕರ ಮತ್ತು ಮಾರಾಟಗಾರರ ಮೇಲೆ ಮೊಕದ್ದಮೆ ಹೂಡಿತು. 2025ರ ಜನವರಿಯಲ್ಲಿ ಹತ್ತು ಜನರ ಬದಲು ಬೇರೆ ಬೇರೆ ಚರ್ಮಛಾಯೆಯ 150 ಜನರಾದರೂ ಇರಬೇಕೆಂಬ ಕರಡು ಹೊರಬಂತು. 1990ರಿಂದ ಎಣಿಸಿದರೆ 35 ವರ್ಷ. ಉಗುರುಬಣ್ಣ ಅಳತೆ ಕೆಡಿಸುತ್ತದೆ ಎಂಬುದು ಕೈಪಿಡಿಗೆ ಬರಲು ಇಷ್ಟು ವರ್ಷ ಹಿಡಿಯಲಿಲ್ಲ ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು.

ನಮಗೂ ಇದಕ್ಕೂ ಏನು ಸಂಬಂಧ ಎಂದು ಶಾಲೆಯ ಸಹೋದ್ಯೋಗಿಯೊಬ್ಬರು ಕೇಳಿದರು. 2022ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಕೋವಿಡ್ ರೋಗಿಗಳ ದಾಖಲೆ ನೋಡಿದಾಗ ಮೀಟರಿಗೆ ಕಾಣದೆ ಅಡಗಿದ್ದ ಆಮ್ಲಜನಕದ ಕೊರತೆ ಬಿಳಿಯರಲ್ಲಿ ಶೇ 17.2, ಕಪ್ಪು ರೋಗಿಗಳಲ್ಲಿ ಶೇ 28.5, ಏಷ್ಯಾ ಮೂಲದವರಲ್ಲಿ ಶೇ 30.2 ಇತ್ತು. ಕಪ್ಪು ರೋಗಿಗಳಿಗೆ ಔಷಧ ಕೊಡಬೇಕೆಂಬುದು ಗೊತ್ತಾಗಲು ತಡವಾಗಿತ್ತು, ಕೆಲವರದು ಗೊತ್ತೇ ಆಗಿರಲಿಲ್ಲ. ಅಮೆರಿಕದ ಲೆಕ್ಕದಲ್ಲಿ ಏಷ್ಯಾ ಮೂಲ ಎಂದರೆ ಚೀನಾದವರೂ ಸೇರುತ್ತಾರೆ, ಆದ್ದರಿಂದ ಆ ಅಂಕಿಯನ್ನು ನೇರವಾಗಿ ರಾಯಚೂರಿಗೆ ತಂದು ಹಚ್ಚಲಾಗದು. ಆದರೆ ಬೆಳಕಿಗೆ ಪಾಸ್‌ಪೋರ್ಟ್ ಗೊತ್ತಿಲ್ಲ, ಮೆಲನಿನ್ ಗೊತ್ತು. ಕರಿಯಪ್ಪ, ಕರೆವ್ವ ಎಂದು ದೇವರ ಹೆಸರನ್ನೇ ಮಕ್ಕಳಿಗೆ ಪ್ರೀತಿಯಿಂದ ಇಡುವ ಸೀಮೆ ನಮ್ಮದು. ಅದೇ ಸೀಮೆಯಲ್ಲಿ ಹೆಣ್ಣು ನೋಡಲು ಹೋದಾಗ ಬಣ್ಣ ಸ್ವಲ್ಪ ಕಡಿಮೆ ಎಂದು ಹೇಳುವುದೂ ಉಂಟು. ಒಂಬತ್ತನೆಯ ತರಗತಿಯಲ್ಲಿ ಬೆಳಕಿನ ಹೀರುವಿಕೆಯ ಪಾಠಕ್ಕೆ ಈ ಮೀಟರನ್ನು ಒಯ್ದಿದ್ದೆ. ಟಾರ್ಚಿನ ಮೇಲೆ ಎಲ್ಲರೂ ಬೆರಳಿಟ್ಟು ನೋಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡಳು. ಕಾರಣ ಕೇಳಿದ್ದಕ್ಕೆ, "ನಂದು ಕಪ್ಪೈತ್ರಿ ಸರ್, ಬೆಳಕು ಬರಂಗಿಲ್ಲ" ಎಂದಳು. ಬೆಳಕು ಬಂತು. ಅವಳ ಬೆರಳೂ ಕೆಂಪಾಗಿಯೇ ಹೊಳೆಯಿತು, ಸ್ವಲ್ಪ ಗಾಢವಾಗಿ. ಆ ದಿನ ಉಳಿದ ಅವಧಿಯನ್ನೆಲ್ಲ ಡೆಟ್ರಾಯಿಟ್ಟಿನ ರೋಗಿಗಳ ಬಗ್ಗೆ ಹೇಳಲು ಬಳಸಿದೆ. ಯಂತ್ರ ಓದಲು ಕಲಿಯದಿದ್ದರೆ ಅದು ಬೆರಳಿನ ತಪ್ಪಲ್ಲ ಎಂದು ಅವಳಿಗೆ ಅರ್ಥವಾಗುವಂತೆ ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ.

ಹಾಗಾದರೆ ಕೊಳ್ಳಬೇಕೇ ಎಂದರೆ, ಮನೆಯಲ್ಲಿ ಆಸ್ತಮಾ ಇರುವವರು, ವಯಸ್ಸಾದವರು, ಗಣಿಯಲ್ಲೋ ಜಿನ್ನಿಂಗ್ ಫ್ಯಾಕ್ಟರಿಯಲ್ಲೋ ದೂಳು ಕುಡಿದವರು ಇದ್ದರೆ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಬಳಸುವ ಬಗೆ ಬೇರೆಯಾಗಬೇಕು. ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ನಮ್ಮ ಅಪ್ಪನ ನೋಟ್‌ಬುಕ್ಕಿನಲ್ಲಿ ಈಗ 98, 98, 97 ಎಂದು ಸಾಲು ಇದೆ, ಆದ್ದರಿಂದ 94 ಎಂದರೆ ಅವರಿಗೆ ನಾಲ್ಕು ಅಂಕ ಬಿದ್ದಂತೆ ಎಂಬುದು ನಮಗೆ ಗೊತ್ತು. ಒಂದು ಅಂಕಿಗಿಂತ ಅಂಕಿ ಇಳಿಯುತ್ತಿದೆಯೇ ಎಂಬುದು ಮುಖ್ಯ. ಬೆರಳು ಬೆಚ್ಚಗೆ ಮಾಡಿಕೊಂಡು, ಮದರಂಗಿ ಇಲ್ಲದ ಬೆರಳಿಗೆ ಹಾಕಿ, ಒಂದು ನಿಮಿಷ ಅಲುಗದೆ ಕಾದು ನೋಡಿ. ಉಸಿರು ಕಟ್ಟುತ್ತಿದ್ದರೆ, ಮಾತು ತುಂಡಾಗುತ್ತಿದ್ದರೆ, ಮೀಟರ್ 96 ತೋರಿಸಿದರೂ ದವಾಖಾನೆಗೆ ಹೋಗಿ, ಅಲ್ಲಿ ರಕ್ತದ ಪರೀಕ್ಷೆ ಮಾಡಬಹುದೇ ಎಂದು ಕೇಳಿ. ಐದು ನಕ್ಷತ್ರಗಳಲ್ಲಿ ನಾನು ಮೂರು ಕೊಡುತ್ತೇನೆ. ಕಳೆದ ಎರಡೂ ನಕ್ಷತ್ರಗಳು ಕೈಪಿಡಿಯಲ್ಲಿ ಬರೆಯದೆ ಬಿಟ್ಟ ಆ ಒಂದು ಸಾಲಿಗಾಗಿ.

ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ವಿಳಾಸಕ್ಕೆ ನಾನು ಒಂದು ಇಮೇಲ್ ಬರೆದು, ಈ ಮಾದರಿಯನ್ನು ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ, ಅವರಲ್ಲಿ ಕಪ್ಪು ಚರ್ಮದವರು ಎಷ್ಟು ಮಂದಿ ಎಂದು ಕೇಳಿದ್ದೆ. ಖರೀದಿಯ ರಸೀದಿ ಸಂಖ್ಯೆ ಕಳಿಸಿ ಎಂದು ಉತ್ತರ ಬಂತು, ಕಳಿಸಿದೆ. ವಾರಂಟಿ ಮುಗಿದಿದೆ ಎಂದು ಇನ್ನೊಂದು ಉತ್ತರ ಬಂತು. ರಿಪೇರಿ ಬೇಡ, ಪ್ರಶ್ನೆಗೆ ಉತ್ತರ ಬೇಕು ಎಂದು ಮತ್ತೆ ಬರೆದಿದ್ದೇನೆ. ಬಂದ ದಿನ ಇಲ್ಲಿಯೇ ಸೇರಿಸುತ್ತೇನೆ.